ಕಾಣದ ಹೋಳಿಗೆ

ನಮ್ಮೂರಿಗೆ ಬಂದವರು ಏನೇನು ನೋಡಬೇಕು ಎಂದು ಯಾರಾದರೂ ಕೇಳಿದರೆ, ಮೊದಲು ಕೂತುಕೊಳ್ಳಿ ಅನ್ನುತ್ತೇನೆ. ಪೇಪರಿನವರು ಬೇಸಿಗೆ ರಜೆಯ ಹೊತ್ತಿಗೆ ಒಂದು ಪುರವಣಿ ತರುತ್ತಾರೆ, ಅದರಲ್ಲಿ ಕೆರೆ, ಮೃಗಾಲಯ, ಬಣ್ಣದ ಕಾರಂಜಿ, ಎಲ್ಲಕ್ಕೂ ಒಂದೊಂದು ಪುಟ. ಅದನ್ನು ನಂಬಿಕೊಂಡು ಹೊರಟರೆ ಕೆಟ್ಟಿರಿ. ಕೆರೆಯಲ್ಲಿ ದೋಣಿ ಇದೆ, ನೀರಿಲ್ಲ. ನೀರು ತುಂಬಿದ ವರ್ಷ ದೋಣಿಯ ಟೆಂಡರ್ ಮುಗಿದಿರುತ್ತದೆ. ಮೃಗಾಲಯದ ಹುಲಿ ನಾನು ಈ ಊರಿಗೆ ಬಂದ ದಿನ ಬೆನ್ನು ತಿರುಗಿಸಿಕೊಂಡು ಮಲಗಿತ್ತು. ಈಗಿರುವುದು ಅದರ ಮೊಮ್ಮಗನೋ ಮರಿಮಗನೋ ಇರಬೇಕು, ಅದೂ ಹಾಗೆಯೇ ಮಲಗಿರುತ್ತದೆ. ಕಾರಂಜಿ ಭಾನುವಾರ ಸಂಜೆ ಹಾಡಿಗೆ ತಕ್ಕಂತೆ ಕುಣಿಯುತ್ತದೆ ಎಂದು ಬರೆದಿರುತ್ತಾರೆ. ಹಾಡು ಒಂದು ಕಡೆ, ನೀರು ಒಂದು ಕಡೆ. ಆ ನೀರು ಹೊಸ ಸೀರೆ ಉಟ್ಟವರನ್ನೇ ಹುಡುಕಿಕೊಂಡು ಬಂದು ಬೀಳುತ್ತದೆ, ನನ್ನ ಅನುಭವದ ಮಾತು.

ಇನ್ನುಳಿದದ್ದು ಕಮಾನು. ಅದು ಊರಿನ ನಟ್ಟನಡುವೆ, ಚೌಕದಲ್ಲಿದೆ. ಹೊರಗಿನಿಂದ ಬಂದವರಿಗೆ ಕಾಣುತ್ತದೆ, ಊರಿನವರಿಗೆ ಕಾಣುವುದಿಲ್ಲ. ಇಲ್ಲೇ ಹುಟ್ಟಿದವರು ಅದನ್ನು ಒಮ್ಮೆಯೂ ನೋಡಿದ್ದಿಲ್ಲ. ಅವರಿಗೆ ಕಾಣುವುದು ಆಕಾಶದಲ್ಲಿ ಸಾಲಾಗಿ ಕುಳಿತ ಪಾರಿವಾಳಗಳು, ಯಾತಕ್ಕೂ ಕಟ್ಟದೆ ಗಾಳಿಯಲ್ಲಿ ಜೋತಾಡುವ ಸಭೆ ಸಮಾರಂಭದ ಬ್ಯಾನರುಗಳು, ಜಡಿಮಳೆಯಲ್ಲೂ ಒಣಗಿಕೊಂಡೇ ಇರುವ ಒಂದು ಅಗಲ ನೆಲ, ಮತ್ತು ಆ ನೆಲದ ಅಂಚಿನಲ್ಲಿ ಏನೂ ಇಲ್ಲದ ಕಡೆ ಬೆನ್ನು ಒರಗಿಸಿಕೊಂಡು ಎಲೆ ಅಡಿಕೆ ಹಾಕುವ ಸೊಪ್ಪಿನವರು. ಕಂಬಕ್ಕೆ ಹಣೆ ಹೊಡೆಸಿಕೊಳ್ಳದೆ ಬೆಳೆದ ಮಗು ನಮ್ಮೂರಲ್ಲಿಲ್ಲ. ಪರವೂರಿನ ಮದುವೆ ಮನೆಗಳಲ್ಲಿ ಹಣೆಯ ಗಂಟು ನೋಡಿಯೇ, ಓ ಇವರು ಆ ಊರಿನವರು ಎಂದು ಎಲೆ ಹಾಕುತ್ತಾರೆ. ಒಂದೆರಡು ಸಲ ಏಟು ತಿಂದ ಮೇಲೆ ಎಲ್ಲರೂ ಕಲಿತುಬಿಡುತ್ತಾರೆ: ಚೌಕ ಬಂತೆಂದರೆ ಬಲಗೈ ತಾನಾಗಿ ಮುಂದಕ್ಕೆ ಚಾಚಿಕೊಳ್ಳುತ್ತದೆ. ಎಡಗೈಯಲ್ಲಿ ತರಕಾರಿ ಚೀಲ, ಬಾಯಲ್ಲಿ ಪಕ್ಕದವರ ಜೊತೆ ಮಾತು, ಬಲಗೈ ಮುಂದೆ. ಹೊಸಬರು ಇದನ್ನು ನೋಡಿ ನಗುತ್ತಾರೆ. ನಾನೂ ನಕ್ಕಿದ್ದೆ.

ಕಣ್ಣಿಗೆ ಬೀಳದ ಈ ವಸ್ತುವಿನ ಬಗ್ಗೆ ನಮ್ಮೂರವರಿಗೆ ಇರುವ ಅಭಿಪ್ರಾಯಗಳನ್ನು ಕೇಳಬೇಕು. ಒಮ್ಮೆ ನಗರಸಭೆಯವರು ಕಮಾನಿಗೆ ಸುಣ್ಣ ಹೊಡೆಸುತ್ತೇವೆ ಎಂದರು. ತಿಂಗಳುಗಟ್ಟಲೆ ಪೇಪರಿನಲ್ಲಿ ಅದೇ ಸುದ್ದಿ. ಬಿಳಿ ಬೇಡ, ತಿಳಿಹಳದಿ ಇರಲಿ ಎಂದು ಒಂದು ಗುಂಪು. ಬಣ್ಣ ಮುಟ್ಟಿಸಿದರೆ ಉಪವಾಸ ಕೂರುತ್ತೇವೆ ಎಂದು ಇನ್ನೊಂದು. ಕೂತವರಲ್ಲಿ ಯಾರೂ ಅದನ್ನು ಕಂಡವರಲ್ಲ. ಇದರಲ್ಲಿ ಕಾಲು ಭಾಗ ಆಸ್ಥೆ ಕಣ್ಣಿಗೆ ಕಾಣುವ ಗುಂಡಿಗಳ ಮೇಲೆ ಇದ್ದಿದ್ದರೆ ನಮ್ಮ ರಸ್ತೆಗಳು ಯಾವತ್ತೋ ರಿಪೇರಿಯಾಗುತ್ತಿದ್ದವು.

ಮದುವೆಯಾಗಿ ಇಲ್ಲಿ ಬಸ್ಸಿಳಿದಾಗ ನನಗೆ ಇಪ್ಪತ್ತು. ಹೆಸರು ಸುಲೋಚನ, ಹೆಸರಿಟ್ಟ ನಮ್ಮಜ್ಜನಿಗೆ ಮುಂದೆ ನಡೆಯುವುದೆಲ್ಲ ಗೊತ್ತಿತ್ತೋ ಏನೋ. ನಮ್ಮನೆಯವರ ಹೆಸರನ್ನು ನಾನು ಬಾಯಿಬಿಟ್ಟು ಹೇಳುವುದಿಲ್ಲ. ಚೌಕದ ಮೂಲೆಯಲ್ಲಿ 'ಮುಕುಂದಯ್ಯ, ಕೊಡೆ ರಿಪೇರಿ' ಎಂಬ ಬೋರ್ಡಿದೆ, ಬೇಕಾದವರು ಓದಿಕೊಳ್ಳಬಹುದು. ಇಷ್ಟು ದೊಡ್ಡ ಊರಿನಲ್ಲಿ ಬಯಲಾಗಿದ್ದೂ ಮಳೆ ಬೀಳದ ಜಾಗ ಎಂದರೆ ಅದೊಂದೇ. ಹೋಗಿ ಹೋಗಿ ಅಲ್ಲಿಗೇ ಕೊಡೆ ಅಂಗಡಿ ತಂದಿಟ್ಟ ಮಹಾಶಯರು ಅವರು. ಮಳೆ ಬಂದರೆ ಜನ ಅಂಗಡಿ ಮುಂದೆ ಬಂದು ನಿಲ್ಲುತ್ತಾರೆ, ಹರಟೆ ಹೊಡೆಯುತ್ತಾರೆ, ಮಳೆ ಬಿಟ್ಟ ಮೇಲೆ ಹೋಗುತ್ತಾರೆ. ಕೊಡೆ ಯಾರಿಗೂ ನೆನಪಾಗುವುದಿಲ್ಲ.

ಆವತ್ತು ಬಸ್ಸು ಚೌಕಕ್ಕೆ ತಿರುಗಿದಾಗ ಕಿಟಕಿಯಲ್ಲಿ ಅದು ಎದ್ದು ನಿಂತಿತು. ನಾನು ಅಬ್ಬಾ ಅಂದೆ. ದಿಬ್ಬಣದವರೆಲ್ಲ ಮಾತು ನಿಲ್ಲಿಸಿ ತಿರುಗಿದರು, ಕಿಟಕಿಯ ಕಡೆಗಲ್ಲ, ನನ್ನ ಮುಖದ ಕಡೆಗೆ. ನಮ್ಮೂರವರು ಕಮಾನು ನೋಡುವುದು ಹಾಗೆ, ಹೊಸಬರ ಮುಖದಲ್ಲಿ. ಎಲ್ಲರೂ ನೋಡಿ ಮುಗಿಸಿ ಮತ್ತೆ ಮಾತಿಗೆ ತಿರುಗಿದರೂ ನಮ್ಮನೆಯವರು ಮಾತ್ರ ನೋಡುತ್ತಲೇ ಇದ್ದರು. ನಾಚಿಕೆಯಾಗಿ ನಾನು ಸೆರಗು ಎಳೆದುಕೊಂಡೆ.

ಹೊಸದಾಗಿ ಮದುವೆಯಾದವರಿಗೆ ಮಾತನಾಡಲು ಏನಿರುತ್ತದೆ? ಅವರಿಗೆ ಕೊಡೆಯ ಕಡ್ಡಿ ಬಿಟ್ಟರೆ ಬೇರೆ ಗೊತ್ತಿರಲಿಲ್ಲ, ನನಗೆ ಬಾಯೇ ಏಳುತ್ತಿರಲಿಲ್ಲ. ಕಮಾನು ನಮ್ಮನ್ನು ಉಳಿಸಿತು. ದಿನಾ ಸಂಜೆ ಅಂಗಡಿ ಮುಚ್ಚುವ ಹೊತ್ತಿಗೆ ನಾನು ಹೋಗುತ್ತಿದ್ದೆ. ಚೌಕದ ಕಟ್ಟೆಯ ಮೇಲೆ ಕುಳಿತು ಚುರುಮುರಿ ತಿನ್ನುತ್ತ, ಇವತ್ತು ಏನು ಕಂಡಿತು ಹೇಳು ಎಂದು ಅವರು ಕೇಳುತ್ತಿದ್ದರು. ನಾನು ಜಾಣೆ, ಎಲ್ಲವನ್ನೂ ಒಟ್ಟಿಗೆ ಹೇಳುತ್ತಿರಲಿಲ್ಲ. ಒಂದು ದಿನ ಎಡಗಂಬದ ಆನೆಗಳು. ಇನ್ನೊಂದು ದಿನ ಆ ಆನೆಗಳಲ್ಲಿ ಒಂದು ಮಾತ್ರ ಹಿಂದಕ್ಕೆ ತಿರುಗಿ ನೋಡುತ್ತಿರುವುದು. ಮತ್ತೊಂದು ದಿನ ಬಳ್ಳಿಯ ನಡುವೆ ಅಡಗಿದ ಅಳಿಲು. ಅವರು ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದರು, ಮಧ್ಯೆ ಮಧ್ಯೆ ಅದರ ಬಾಲ ಎಷ್ಟುದ್ದ, ಮೇಲಕ್ಕಿದೆಯೋ ಕೆಳಕ್ಕಿದೆಯೋ ಎಂದು ಕೇಳುತ್ತಿದ್ದರು. ನಾಳೆಗೂ ಏನಾದರೂ ಇರಲಿ ಎಂದು ನಾನು ಕಣ್ಣನ್ನೇ ಬಿಗಿಹಿಡಿದು ನೋಡುತ್ತಿದ್ದೆ, ಆವತ್ತು ಹೇಳುವಷ್ಟನ್ನು ಮಾತ್ರ. ಆ ಸಂಜೆಗಳಷ್ಟು ಸುಖವನ್ನು ನಾನು ಆಮೇಲೆ ಕಂಡಿಲ್ಲ.

ಕಮಾನಿನ ನೆತ್ತಿಯಲ್ಲಿ ಒಬ್ಬ ಕಲ್ಲಿನ ಹೆಂಗಸು ನಿಂತಿದ್ದಳು. ಅವಳನ್ನು ಕೊನೆಗೆಂದು ಇಟ್ಟುಕೊಂಡಿದ್ದೆ. ಒಂದು ಸಂಜೆ ಅವಳ ಸರದಿ ಬಂತು. ಎಡಗೈಯನ್ನು ಹುಬ್ಬಿನ ಮೇಲಿಟ್ಟುಕೊಂಡು ದೂರ ನೋಡುತ್ತಿದ್ದಾಳೆ ಎಂದು ಹೇಳಿದೆ. ಬಲಗೈಯಲ್ಲಿ ಏನಿದೆ ಎಂದು ಅವರು ಕೇಳಿದರು. ನಾಳೆ ಹೇಳ್ತೀನಿ ಎಂದು ಎದ್ದುಬಿಟ್ಟೆ.

ಮರುದಿನ ಪಕ್ಕದ ಮನೆಗೆ ಯಾರೋ ಹೊಸ ಬಾಡಿಗೆಯವರು ಬಂದರು. ಪಾಪ, ಆ ಹೆಂಗಸು ಬಿಂದಿಗೆ ಹಿಡಿದು ಮಧ್ಯಾಹ್ನ ನಲ್ಲಿಯ ಹತ್ತಿರ ನಿಂತಿದ್ದಳು. ನಾನು ಕಿಟಕಿಯಿಂದಲೇ, ಈಗ ಬರಲ್ಲ ಕಣಮ್ಮ, ನಮ್ಮೂರಲ್ಲಿ ನೀರು ಬೆಳಿಗ್ಗೆ ಮಾತ್ರ ಎಂದೆ. ಎಂದು ಒಳಗೆ ಬಂದು ಅಕ್ಕಿ ಆರಿಸಿದೆ. ಸಂಜೆ ಚೌಕಕ್ಕೆ ಹೋದರೆ ಆಕಾಶದಲ್ಲಿ ಪಾರಿವಾಳಗಳು ಕುಳಿತಿದ್ದವು. ಕೆಳಗೆ ಏನೂ ಇರಲಿಲ್ಲ.

ನಮ್ಮೂರಲ್ಲಿ ಸೊಸೆಯ ಕಣ್ಣಿಗೆ ಕಮಾನು ಕಾಣದಾದ ದಿನ ಹೋಳಿಗೆ ಮಾಡಿ ಬೀದಿಗೆಲ್ಲ ಹಂಚುತ್ತಾರೆ. ಕಾಣದ ಹೋಳಿಗೆ ಎಂದೇ ಅದಕ್ಕೆ ಹೆಸರು. ಹುಡುಗಿ ಇನ್ನು ನಮ್ಮವಳಾದಳು ಎಂದು ಅರ್ಥ. ಕೆಲವರಿಗೆ ವರ್ಷವಾದರೂ ಆಗುವುದಿಲ್ಲ, ಅತ್ತೆಯರು ಹರಕೆ ಹೊರುತ್ತಾರೆ. ನಮ್ಮತ್ತೆಗೆ ಹಿಡಿಸಲಾರದಷ್ಟು ಸಂತೋಷ. ಇಷ್ಟು ಬೇಗ ಬೇರು ಬಿಟ್ಟ ಸೊಸೆ ಈ ಬೀದಿಗೇ ಬಂದಿಲ್ಲ ಎಂದು ಮನೆಮನೆಗೆ ಹೇಳಿಕೊಂಡು ಬಂದರು. ನಾನು ನಗುನಗುತ್ತಲೇ ಎಲ್ಲರ ಕಾಲಿಗೆ ಬಿದ್ದೆ. ಅಡಿಗೆಮನೆಯಲ್ಲಿ ತುಪ್ಪ ಹಾಕಿದ ಹೋಳಿಗೆಯನ್ನು ಮುಂದಿಟ್ಟುಕೊಂಡಾಗ ಮಾತ್ರ ತಿನ್ನದೆ ಚೂರು ಚೂರು ಮುರಿಯುತ್ತ ಕುಳಿತೆ. ನಮ್ಮನೆಯವರು ತಮ್ಮ ತಟ್ಟೆ ಹಿಡಿದುಕೊಂಡು ಪಕ್ಕಕ್ಕೆ ಬಂದು ಕುಳಿತರು.

"ಅವಳ ಕೈಯಲ್ಲಿ ಏನಿತ್ತು?" ಎಂದರು.

ನೋಡಿಟ್ಟುಕೊಂಡಿರಲಿಲ್ಲ ಎಂದೆ. ನಿಜ ಅದೇ. ಹೂವು ಎಂದಿದ್ದರೂ ನಡೆಯುತ್ತಿತ್ತು, ಗಿಳಿ ಎಂದಿದ್ದರೂ ನಡೆಯುತ್ತಿತ್ತು. ಆದರೆ ಅಷ್ಟು ದಿನ ಕಣ್ಣಾರೆ ಕಂಡದ್ದನ್ನೇ ಹೇಳಿದ ಬಾಯಲ್ಲಿ ಸುಳ್ಳು ಬರಲಿಲ್ಲ.

ಆಮೇಲಿನ ನಲವತ್ತು ವರ್ಷ ಆ ಕೈ ನಮ್ಮ ಮನೆಯಲ್ಲಿ ಮೂರನೆಯವರ ಹಾಗೆ ಇತ್ತು. ನಮಗೆ ಮಕ್ಕಳಾಗಲಿಲ್ಲ, ಆ ಮಾತು ಇಲ್ಲಿ ಬೇಡ. ಪ್ರವಾಸಿಗಳನ್ನು ನಾನು ಕೇಳಿ ನೋಡಿದ್ದೇನೆ. ಒಬ್ಬ ಕಮಲ ಎಂದ, ಒಬ್ಬಳು ದೀಪ ಎಂದಳು, ಇನ್ನೊಬ್ಬ ಅಲ್ಲಿ ಹೆಂಗಸೇ ಇಲ್ಲ ಎಂದು ವಾದಕ್ಕೇ ನಿಂತ. ಅವರ ಫೋಟೋಗಳಲ್ಲಿ ನಮಗೆ ಬರೀ ಮೋಡ. ಬಂದು ಹೇಳಿದರೆ ನಮ್ಮನೆಯವರು ದಾರ ಕಡಿಯುತ್ತ, ಅವರಿವರ ಕಣ್ಣು ನಂಗ್ಯಾಕೆ, ನೀನು ಹೇಳಿದ್ರೆ ಕೇಳ್ತೀನಿ ಅನ್ನುತ್ತಿದ್ದರು.

ಊರಿನವರಿಗೆ ಅದು ಕಾಣುವ ದಾರಿ ಇಲ್ಲ ಎಂದಲ್ಲ. ಊರು ಬಿಟ್ಟು ಬೇರೆಯವರಾಗಿ ಬರಬೇಕು, ಅಷ್ಟೆ. ಹೇಳುವಷ್ಟು ಸುಲಭವಲ್ಲ ಅದು. ಮನೆಯಿಂದ ಹೊರಡುವವರು ಹೋಗ್ತೀನಿ ಅನ್ನಬಾರದು, ಹೋಗಿ ಬರ್ತೀನಿ ಅನ್ನಬೇಕು ಎಂದು ಮಾತು ಕಲಿಯುವ ಮಗುವಿಗೂ ತಿದ್ದಿ ಹೇಳುತ್ತೇವೆ. ಆ 'ಬರ್ತೀನಿ' ಎಂಬುದು ಹೊಸ್ತಿಲಿಗೆ ಕಟ್ಟಿದ ದಾರ. ಅದನ್ನು ಕಟ್ಟಿ ಹೋದವರು ಹತ್ತು ವರ್ಷ ಪರದೇಶದಲ್ಲಿದ್ದು ಬಂದರೂ ಊರಿನವರೇ, ಕಮಾನು ಕಾಣುವುದಿಲ್ಲ. ನಮ್ಮನೆಯವರೂ ಒಮ್ಮೆ ಹಟ ಹಿಡಿದು ಹೊರಟಿದ್ದರು. ಹೋಗ್ತೀನಿ, ಹೋಗ್ತೀನಿ ಎಂದು ಬೆಳಿಗ್ಗೆಯಿಂದ ಉರುಹೊಡೆದು, ಬಾಗಿಲಲ್ಲಿ ಚಪ್ಪಲಿ ಮೆಟ್ಟುವಾಗ ಎಂದಿನಂತೆ, ಸರಿ ಕಣೆ, ಹೋಗಿ ಬರ್ತೀನಿ ಎಂದರು. ಎಂದವರೇ ತಲೆ ಚಚ್ಚಿಕೊಂಡು ಚಪ್ಪಲಿ ಬಿಚ್ಚಿ ಒಳಗೆ ಬಂದರು. ಆವತ್ತು ನಾವು ನಕ್ಕಿದ್ದೇ ನಕ್ಕಿದ್ದು.

ಹೋದ ವರ್ಷ ಸಂಕ್ರಾಂತಿ ಕಳೆದ ಮೇಲೆ ಪೇಪರಿನಲ್ಲಿ ಮೊದಲ ಪುಟದಲ್ಲೇ ಬಂತು. ಚೌಕದ ಮೇಲೆ ಮೇಲ್ಸೇತುವೆ ಬರುತ್ತದೆ, ಅದಕ್ಕೆ ಅಡ್ಡವಾಗಿರುವ ಕಮಾನನ್ನು ಮಳೆಗಾಲ ಮುಗಿದ ಕೂಡಲೇ ಕೆಡವುತ್ತಾರೆ. ಊರಿನ ಕೂಲಿಯವರಿಗೆ ಕಾಣದ್ದರಿಂದ ಹೊರಗಿನವರನ್ನು ಕರೆಸುತ್ತಾರಂತೆ. ಊರು ಎರಡಾಯಿತು. ಕಾಣದ ಕಲ್ಲಿಗಾಗಿ ದಿನಾ ಟ್ರಾಫಿಕ್ಕಿನಲ್ಲಿ ಸಾಯಬೇಕೆ ಎಂದು ಕೆಲವರು, ತಾತ ಮುತ್ತಾತ ಹಣೆ ಹೊಡೆಸಿಕೊಂಡ ಕಂಬ ಎಂದು ಕೆಲವರು. ನಾನು ಎರಡು ಗುಂಪಿನವರಿಗೂ ಅಂಗಡಿಯಲ್ಲಿ ಕುಳಿತೇ ಬೈದೆ. ನಮ್ಮನೆಯವರು ಪೇಪರನ್ನು ನಾಲ್ಕು ಮಡಿಕೆ ಮಾಡಿ ಪೀಠದ ಕೆಳಗಿಟ್ಟರು. ಸೂಜಿಗೆ ದಾರ ಪೋಣಿಸುತ್ತ, ಹಾಗಾದ್ರೆ ಇನ್ನು ಗೊತ್ತಾಗಲ್ಲ ಬಿಡು ಎಂದರು. ಅವರು ಕೊರಗಿದ್ದರೆ ತಡೆದುಕೊಳ್ಳುತ್ತಿದ್ದೆನೋ ಏನೋ. ಆ 'ಬಿಡು' ಎಂಬುದನ್ನು ತಡೆದುಕೊಳ್ಳಲಾಗಲಿಲ್ಲ.

ನನ್ನ ತಂಗಿ ವನಜಾಕ್ಷಿ ಹೊಳೆಯಾಚೆಯ ಸಣ್ಣ ಊರೊಂದರಲ್ಲಿ ಚಟ್ನಿಪುಡಿ, ಸಂಡಿಗೆ ಮಾಡಿ ಮಾರುತ್ತಾಳೆ. ಬಂದು ಜೊತೆಗಿರು ಎಂದು ಕರೆಯುತ್ತಲೇ ಇದ್ದಳು. ಶಿವರಾತ್ರಿಯ ಮಾರನೆಯ ದಿನ ನಾನು ಅಂಗಡಿಗೆ ಹೋದಾಗ ಅವರು ಒಂದು ಮುದಿ ಕೊಡೆಗೆ ಬಟ್ಟೆ ಹೊಲಿಯುತ್ತಿದ್ದರು.

"ವನಜಾಕ್ಷಿ ಮನೆಗೆ ಹೋಗ್ತೀನಿ ಕಣ್ರಿ."

"ಹೋಗಿ ಬಾ. ಎಷ್ಟು ದಿನ?"

"ಹೋಗಿ ಬರ್ತೀನಿ ಅನ್ಲಿಲ್ಲ ನಾನು. ಹೋಗ್ತೀನಿ ಅಂದೆ."

ಸೂಜಿ ಅಲ್ಲೇ ನಿಂತಿತು. ಅವರಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಆ ಕೈ ನೋಡಲೇಬೇಕೇನೇ ಎಂದು ಕೇಳಿದರು. ನೋಡಿ ನಿಮಗೆ ಹೇಳಬೇಕು ಎಂದೆ. ಕಂಡರೆ ನೀನು ನನಗೆ ನೆಂಟರವಳಾಗಿಬಿಡ್ತೀಯ ಎಂದರು. ಕಂಡು ಬಂದು ಮತ್ತೆ ಕಾಣದ ಹಾಗಾದರಾಯಿತು, ಒಂದು ಸಲ ಆಗಿದೆಯಲ್ಲ, ಇಡೀ ಬೀದಿಯಲ್ಲಿ ನನ್ನಷ್ಟು ಬೇಗ ಯಾರಿಗೂ ಆಗಿರಲಿಲ್ಲ ಎಂದು ಜಂಬ ಕೊಚ್ಚಿದೆ.

"ಆಗ ನಿಂಗೆ ಇಪ್ಪತ್ತು," ಎಂದರು ಅವರು.

ಹೊರಟ ದಿನ ಬಸ್ಸಿನ ಹತ್ತಿರ ಚೀಲ ಮೇಲೆ ಕೊಟ್ಟು ನಿಂತುಕೊಂಡರು. ಹೋಗ್ತೀನಿ ಎಂದೆ. ಹೋಗಿ ಬಾ ಎನ್ನಲು ಬಾಯಿ ತೆರೆದವರು ತಡೆದರು. ಮನೆ ಬಿಟ್ಟು ಹೊರಟವರಿಗೆ ಯಾರೂ ಹೋಗು ಅನ್ನುವುದಿಲ್ಲ, ಅದು ಓಡಿಸುವ ಮಾತು, ಬೆಕ್ಕಿಗೂ ನಾಯಿಗೂ ಆಡುವ ಮಾತು. ಅದನ್ನು ಅವರು ನನಗೋಸ್ಕರ ಆಡಬೇಕಾಗಿತ್ತು. ಹೂಂ, ಹೋಗು ಎಂದರು. ಅಷ್ಟು ಪ್ರೀತಿಯಿಂದ ಯಾವ ಗಂಡನೂ ಹೆಂಡತಿಗೆ ಹೋಗು ಎಂದಿರಲಾರ.

ತಂಗಿಯ ಊರು ನನಗೆ ಮೊದಲು ಒಗ್ಗಲಿಲ್ಲ. ನೀರು ಸಪ್ಪೆ, ಜನ ಮಾತಿಗೆ ಮೊದಲು ನಗುತ್ತಾರೆ, ಒಂದೇ ಬೀದಿಯನ್ನು ಪೇಟೆ ಅನ್ನುತ್ತಾರೆ. ನಮ್ಮನೆಯವರು ದಿನಾ ಬೆಳಿಗ್ಗೆ ಫೋನ್ ಮಾಡಿ ಪೇಪರ್ ಓದುತ್ತಿದ್ದರು. ಪಾರ್ಕಿನ ಬೆಂಚುಗಳನ್ನು ಕಿತ್ತು ಅದೇ ಜಾಗದಲ್ಲಿ ಅಂಥದೇ ಬೆಂಚು ಹಾಕಿದ ಸುದ್ದಿ, ಮೃಗಾಲಯಕ್ಕೆ ಜೀಬ್ರಾ ತರಿಸಿ ಅದು ಕತ್ತೆಯೆಂದು ಗಲಾಟೆಯಾದ ಸುದ್ದಿ. ನಾನು ಇಲ್ಲಿಂದಲೇ ನಗರಸಭೆಯವರ ಜನ್ಮ ಜಾಲಾಡುತ್ತಿದ್ದೆ. ವನಜಾಕ್ಷಿ ಮೆಣಸಿನಕಾಯಿ ಹುರಿಯುವುದು ಬಿಟ್ಟು, ಅಕ್ಕಾ, ನಿಧಾನ ಅನ್ನುತ್ತಿದ್ದಳು. ಹೀಗೆ ಸಿಟ್ಟು ಮಾಡಿಕೊಂಡಿದ್ದರೆ ಬೇರೆಯವಳಾಗುವುದು ಯಾವಾಗ ಎಂದು ನನಗೇ ದಿಗಿಲಾಗುತ್ತಿತ್ತು.

ಆದರೆ ದಿನ ಕಳೆದಂತೆ ಸಂಡಿಗೆ ಹಿಟ್ಟಿನ ಹದ ಕೈಗೆ ಹತ್ತಿತು. ಯಾರ ಮನೆಗೆ ಖಾರ ಹೆಚ್ಚು ಬೇಕು, ಯಾರು ಚೌಕಾಸಿ ಮಾಡುತ್ತಾರೆ ಎಲ್ಲ ತಿಳಿಯಿತು. ಮುಂಗಾರು ಹಿಡಿಯಿತು. ಹಿಟ್ಟು ಒಣಗುವುದಿಲ್ಲವೆಂದು ಮೋಡ ನೋಡಿ ಬೈಯುವುದು ಅಭ್ಯಾಸವಾಯಿತು. ಫೋನಿನಲ್ಲಿ ಅವರು ಓದುತ್ತಿದ್ದರೆ ನಾನು ಹೌದಾ, ಓಹೋ ಅನ್ನುತ್ತಿದ್ದೆ, ಕಣ್ಣು ಮಾತ್ರ ಒಲೆಯ ಮೇಲಿರುತ್ತಿತ್ತು. ಒಂದು ಬೆಳಿಗ್ಗೆ ಅವರು, ಕೆರೆಯಲ್ಲಿ ಕಮಲ ಬರಲಿಲ್ಲವೆಂದು ನಗರಸಭೆಯವರು ಪ್ಲಾಸ್ಟಿಕ್ ಕಮಲ ತೇಲಿಬಿಟ್ಟಿದ್ದಾರೆ ಎಂದು ಓದಿದರು. ನನಗೆ ಬೈಯಬೇಕು ಎನಿಸಲಿಲ್ಲ. ನಗು ಬಂತು, ದೂರದ ನೆಂಟರ ಮನೆಯ ಸುದ್ದಿ ಕೇಳಿದಾಗ ಬರುವಂಥ ನಗು.

"ನಿಮ್ಮೂರವ್ರಿಗೆ ಬೇರೆ ಕೆಲ್ಸ ಇಲ್ವೇನ್ರಿ?" ಎಂದೆ.

ನಾನು ಏನು ಹೇಳಿದೆ ಎನ್ನುವುದು ನನಗೆ ಆಮೇಲೆ ಕೇಳಿಸಿತು. ಬಾಯ ಮೇಲೆ ಕೈಯಿಟ್ಟುಕೊಂಡೆ. ಫೋನಿನಲ್ಲಿ ಪೇಪರ್ ಮಡಿಸುವ ಸದ್ದು ಬಂತು, ಒಂದು ಮಡಿಕೆ, ಇನ್ನೊಂದು ಮಡಿಕೆ. ಆಮೇಲೆ ಅವರು ಮೆಲ್ಲಗೆ, ಇನ್ನು ಬಾ, ಈಗ ಕಾಣುತ್ತೆ ಎಂದರು.

ಮಳೆ ಹಿಂದೆ ಸರಿಯುತ್ತಿದ್ದ ಕಾಲ. ಬಸ್ಸು ಚೌಕಕ್ಕೆ ತಿರುಗುವ ಮೊದಲೇ ಮನೆಗಳ ಮೇಲಿಂದ ಅದರ ನೆತ್ತಿ ಕಾಣಿಸಿತು. ಇಪ್ಪತ್ತರಲ್ಲಿ ಅಂದ ಅಬ್ಬಾ ಅರವತ್ತರಲ್ಲೂ ಬಾಯಿಗೆ ಬಂತು. ಕಲ್ಲು ಮಳೆಗೆ ತೊಯ್ದು ಕಪ್ಪಾಗಿತ್ತು, ಹಿಂದೆ ತಿರುಗಿ ನೋಡುವ ಆನೆಯ ಸೊಂಡಿಲು ಮುರಿದಿತ್ತು, ಅಳಿಲು ಇದ್ದಲ್ಲೇ ಇತ್ತು. ಎಡಗಂಬಕ್ಕೆ ಬೆನ್ನು ಒರಗಿಸಿಕೊಂಡು ನಮ್ಮನೆಯವರು ನಿಂತಿದ್ದರು. ನಲವತ್ತು ವರ್ಷ ಅವರು ಗಾಳಿಗೆ ಒರಗುವುದನ್ನೇ ನೋಡಿದ್ದೆ. ಅಷ್ಟೆತ್ತರದ ಕಲ್ಲಿನ ಬುಡದಲ್ಲಿ ಅವರು ಎಷ್ಟು ಸಣ್ಣವರಾಗಿ ಕಂಡರೆಂದರೆ ಕಣ್ಣು ತುಂಬಿಬಂತು. ನಾನು ಇಳಿದೆ. ಅವರು ಮೇಲೆ ನೋಡಲಿಲ್ಲ, ನನ್ನ ಮುಖ ನೋಡಿದರು. ನೋಡಿ, ಚೀಲಕ್ಕೆ ಕೈ ಹಾಕಿದರು.

ಕಟ್ಟೆಯ ಮೇಲೆ ಚುರುಮುರಿ ಹಿಡಿದು ಕುಳಿತೆವು. ಅವರು ಕಣ್ಣು ಮುಚ್ಚಿಕೊಂಡರು. ನಾನು ತಲೆಯೆತ್ತಿ, ಈ ಸಲ ಬಿಗಿಹಿಡಿಯದೆ, ನೋಡಬೇಕಾದಷ್ಟನ್ನೂ ನೋಡಿದೆ.

"ಕೈಯಲ್ಲಿ ಏನೂ ಇಲ್ಲ ಕಣ್ರಿ," ಎಂದೆ. "ಒಂದು ಕೈ ಹುಬ್ಬಿನ ಮೇಲೆ. ಇನ್ನೊಂದನ್ನ ಮುಂದಕ್ಕೆ ಚಾಚಿದಾಳೆ. ಇಲ್ಲಿಯವರು ಚೌಕ ದಾಟುವಾಗ ಚಾಚ್ತಾರಲ್ಲ, ಹಾಗೆ."

ಅವರು ಕಣ್ಣು ಮುಚ್ಚಿಕೊಂಡೇ ಬಲಗೈ ಮುಂದಕ್ಕೆ ಚಾಚಿದರು. ದೂರದ್ದು ಕಾಣುತ್ತೆ, ಮುಂದಿರೋದು ಕಾಣಲ್ಲ ಅನ್ನು ಎಂದರು. ಆಮೇಲೆ, ಹಾಗಾದ್ರೆ ಅವಳೂ ನಮ್ಮೂರವಳೇ ಎಂದು ನಕ್ಕರು. ನಲವತ್ತು ವರ್ಷದಿಂದ ಅವರ ಮುಖದಲ್ಲಿ ಬಿಗಿದುಕೊಂಡಿದ್ದ ಯಾವುದೋ ಗಂಟು ಸಡಿಲವಾದ ಹಾಗೆ ಕಂಡಿತು. ನಾನು ಮಾತ್ರ ನಗಲಿಲ್ಲ. 'ಇಲ್ಲಿಯವರು' ಎಂದು ನನ್ನ ಬಾಯಲ್ಲಿ ಬಂದಿತ್ತು.

ಅಂದಿನಿಂದ ನಾನು ಇಲ್ಲೇ ಇದ್ದೇನೆ. ಬೀದಿಯವರು ಎದುರು ಸಿಕ್ಕರೆ ಊಟ ಆಯ್ತಾ ಅನ್ನುತ್ತಿದ್ದವರು, ಯಾವಾಗ ಬಂದ್ರಿ, ಎಷ್ಟು ದಿನ ಇರ್ತೀರಿ ಅನ್ನುತ್ತಾರೆ. ಸಂತೋಷದಿಂದಲೇ ಕೇಳುತ್ತಾರೆ, ಆದರೆ ಪಡಸಾಲೆಯ ಕುರ್ಚಿಯಲ್ಲೇ ಕೂರಿಸುತ್ತಾರೆ. ಮೊದಲೆಲ್ಲ ನನಗೆ ಅಡಿಗೆಮನೆಯ ಹೊಸ್ತಿಲೇ ಕುರ್ಚಿಯಾಗಿತ್ತು. ನಮ್ಮನೆಯಲ್ಲೇ ಒಂದು ದಿನ ಇವರು ಕಾಫಿಯನ್ನು ಹೂವಿನ ಚಿತ್ರದ ಕಪ್ಪಿನಲ್ಲಿ ತಂದುಕೊಟ್ಟರು, ನೆಂಟರಿಗೆಂದು ಅಟ್ಟದ ಮೇಲಿಟ್ಟಿದ್ದ ಕಪ್ಪು. ತಂದ ಮೇಲೆ ಅವರಿಗೇ ಗೊತ್ತಾಗಿ ಮುಖ ಬಾಡಿತು. ಲೋಟಕ್ಕೆ ಬಗ್ಗಿಸಿಕೊಂಡು ಕುಡಿದೆ.

ಕಮಾನನ್ನು ಕೆಡವಲಿಲ್ಲ. ಅದೂ ಒಂದು ತಮಾಷೆ. ಹೊರಗಿನಿಂದ ಬಂದ ಕೂಲಿಯವರು ಚೌಕದಲ್ಲೇ ಶೆಡ್ಡು ಹಾಕಿಕೊಂಡು ಮಳೆ ಬಿಡಲಿ ಎಂದು ಕಾದರು. ಅವರ ಮೇಸ್ತ್ರಿ ಕೊಡೆ ರಿಪೇರಿಗೆ ತಂದವನು, ನಮ್ಮೂರ ಮಳೆಗೆ ಎಂಥ ಕೊಡೆಯೂ ತಡೆಯಲ್ಲ ಯಜಮಾನ್ರೇ ಎಂದ. ಮಾರನೆಯ ದಿನ ಸುತ್ತಿಗೆ ಹಿಡಿದು ಬಂದು ಪಾರಿವಾಳಗಳನ್ನು ನೋಡುತ್ತ ನಿಂತುಕೊಂಡ. ಒಬ್ಬೊಬ್ಬರಾಗಿ ಎಲ್ಲರಿಗೂ ಹಾಗೆಯೇ ಆಯಿತು. ಪೇಪರಿನವರು ಕೆಲಸ ಮುಂದಕ್ಕೆ ಹೋಗಿದೆ ಎಂದು ಬರೆದರು. ಊರೆಲ್ಲ ಬಿದ್ದು ಬಿದ್ದು ನಕ್ಕಿತು. ಒಂದು ಮಳೆಗಾಲಕ್ಕೆ ಬಂದವರಿಗೆ ಇಷ್ಟು ಸಲೀಸಾಗಿ ಆದದ್ದು ನನಗೆ ಏಕೆ ಆಗುತ್ತಿಲ್ಲ ಎಂದು ನಾನು ಹಿತ್ತಲಿಗೆ ಹೋಗಿ ಅತ್ತೆ.

ಏನೆಲ್ಲ ಮಾಡಿದೆ. ನಮ್ಮೂರು, ನಮ್ಮೂರು ಎಂದು ಮಾತು ಮಾತಿಗೆ ಅಂದೆ, ಇಲ್ಲಿ ಬರೆಯುವಾಗಲೂ ಬಿಡದೆ ಅನ್ನುತ್ತಿದ್ದೇನೆ. ಬೇಕೆಂದು ಅಂದರೆ ಅದು ಲೆಕ್ಕಕ್ಕಿಲ್ಲ. ಪೇಪರನ್ನು ಗಟ್ಟಿಯಾಗಿ ಓದಿ ಹುಲಿಯನ್ನೂ ಕಾರಂಜಿಯನ್ನೂ ಪ್ಲಾಸ್ಟಿಕ್ ಕಮಲವನ್ನೂ ಹುಡುಕಿ ಹುಡುಕಿ ಬೈದೆ. ಮೊದಲು ತಾನಾಗಿ ಉಕ್ಕುತ್ತಿದ್ದ ಸಿಟ್ಟನ್ನು ಈಗ ಬತ್ತಿ ಹೊಸೆದು ಹಚ್ಚಬೇಕಾಗಿದೆ. ಒಂದು ಕಾಲದಲ್ಲಿ ಕಂಡರೆ ಸಾಕು ಎಂದು ಹಂಬಲಿಸಿದ್ದ ಕಮಾನಿನ ಎದುರು ಕುಳಿತು, ತೊಲಗಿ ಹೋಗು ನನ್ನ ಕಣ್ಣಿನಿಂದ ಎಂದು ಬೇಡಿಕೊಳ್ಳುತ್ತೇನೆ. ಅದು ಹೋಗುವುದಿಲ್ಲ. ದಿನಾ ಸಂಜೆ ಅಂಗಡಿ ಮುಚ್ಚುವಾಗ ನಮ್ಮನೆಯವರು ಮೊದಲಿನ ಹಾಗೆ ಏನು ಕಂಡಿತು ಎಂದು ಕೇಳುವುದಿಲ್ಲ. ಇನ್ನೂ ಕಾಣ್ತಿದೆಯಾ ಎಂದು ಕೇಳುತ್ತಾರೆ. ಹೂಂ ಅಂದಾಗಲೆಲ್ಲ, ಆಗುತ್ತೆ ಬಿಡು ಎಂದು ಬೀಗ ಹಾಕುತ್ತಾರೆ.

ನಿನ್ನೆ ಸಂಜೆ ಅವರು ಕೇಳುವ ಮೊದಲೇ ನಾನು ಹೇಳಿಬಿಟ್ಟೆ.

"ಇವತ್ತು ಕಾಣ್ಲಿಲ್ಲ ಕಣ್ರಿ."

ಬೀಗ ಅವರ ಕೈಯಲ್ಲೇ ಉಳಿಯಿತು. ನಿಜವಾಗ್ಲೂ ಎಂದು ಎರಡು ಸಲ ಕೇಳಿದರು. ನಿಜ ಎಂದೆ. ಅವರ ಹಿಂದೆ ಅದು ಇಡೀ ಆಕಾಶ ತುಂಬಿಕೊಂಡು ನಿಂತಿತ್ತು. ಮಾಡಿ ಹಂಚಲು ಅತ್ತೆ ಇಲ್ಲ. ಇವರು ಪಂಚೆ ಎತ್ತಿ ಕಟ್ಟಿಕೊಂಡು ತಿಂಡಿ ಅಂಗಡಿಗೆ ಓಡಿದರು, ಇದ್ದಬದ್ದ ಹೋಳಿಗೆಯನ್ನೆಲ್ಲ ಕಟ್ಟಿಸಿಕೊಂಡು ಬಂದರು. ನನ್ನ ಹೆಂಡತೀದು ಕಾಣದ ಹೋಳಿಗೆ, ಎರಡನೇ ಸಲ ಎಂದು ಕಡಲೆಕಾಯಿಯವನಿಗೂ ಸೊಪ್ಪಿನವಳಿಗೂ ಆ ಮೇಸ್ತ್ರಿಗೂ ಕರೆದು ಕರೆದು ಕೊಟ್ಟರು. ಸೊಪ್ಪಿನವಳು ಬಾಯಿ ತುಂಬ ಹೋಳಿಗೆ ಇಟ್ಟುಕೊಂಡು, ಊಟಕ್ಕೆ ಏನು ಮಾಡಿದೀರ ಸುಲೋಚನಮ್ಮ ಎಂದು ಕೇಳಿದಳು. ಎಷ್ಟು ದಿನವಾಗಿತ್ತು ಯಾರಾದರೂ ಹಾಗೆ ಕೇಳಿ. ಸುಳ್ಳಾದರೂ ಸರಿ, ಹೇಳಿದ್ದು ಒಳ್ಳೆಯದಾಯಿತು ಎನಿಸಿತು.

ಉಳಿದ ಹೋಳಿಗೆ ಹಿಡಿದುಕೊಂಡು ಇಬ್ಬರೂ ಮನೆಗೆ ಹೊರಟೆವು. ಖುಷಿಯಲ್ಲಿ ಮಾತು ಬೆಳೆದಿತ್ತು. ನಾನು ಚೌಕದ ನೆಲಕ್ಕೆ ಇಳಿದು, ಎದುರಿಗೆ ಬಂದ ಬಲಗಂಬವನ್ನು ಬಳಸಿಕೊಂಡು ಆಚೆಗೆ ಹೋಗಿ ನಿಂತೆ. ಹಿಂದಿನಿಂದ ಅವರ ಮಾತು ನಿಂತುಹೋಗಿತ್ತು. ತಿರುಗಿ ನೋಡಿದೆ. ಅವರು ಬಲಗೈ ಮುಂದೆ ಚಾಚಿಕೊಂಡು ಕಂಬ ತಡವುತ್ತ ನಿಂತಿದ್ದರು, ನನ್ನ ಕೈಯನ್ನೇ ನೋಡುತ್ತಿದ್ದರು. ನನ್ನ ಎರಡು ಕೈಗಳೂ ಸೆರಗಿನೊಳಗೆ ಬೆಚ್ಚಗಿದ್ದವು.

ಇಬ್ಬರಿಗೂ ತಿಳಿಯಿತು. ನನಗೆ ನೆಲ ಬಿರಿಯಬಾರದೇ ಎನಿಸಿತು. ಅವರು ಕಂಬ ದಾಟಿ ನನ್ನ ಪಕ್ಕಕ್ಕೆ ಬಂದರು. ಹೋಳಿಗೆಯ ಪೊಟ್ಟಣವನ್ನು ಕಂಕುಳಿಗೆ ಸೇರಿಸಿ, ನನ್ನ ಬಲಗೈಯನ್ನು ಸೆರಗಿನಿಂದ ಬಿಡಿಸಿಕೊಂಡು, ಮಗುವಿಗೆ ನಡಿಗೆ ಕಲಿಸುವವರ ಹಾಗೆ ಮುಂದಕ್ಕೆ ಚಾಚಿ ಹಿಡಿದರು.

"ಮುಂದೆ ಇನ್ನೊಂದು ಕಂಬ ಇದೆ," ಎಂದರು. "ನಿಂಗೆ ಕಾಣಲ್ಲ. ಹುಷಾರು."

ಕಂಬ ನನ್ನ ಕಣ್ಣೆದುರಿಗೇ ಇತ್ತು. ಅದರ ಮೇಲೆ ಅಳಿಲಿತ್ತು, ಬಾಲ ಮೇಲಕ್ಕಿತ್ತು. ನಾನು ಕಣ್ಣು ಮುಚ್ಚಿಕೊಂಡು, ಅವರು ಹಿಡಿದ ಕೈಯನ್ನು ಮುಂದೆ ಚಾಚಿಕೊಂಡು ನಡೆದೆ.